ಬಣ್ಣವೂ ಗುಣವೂ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ತಾಲೂಕುಗಳಿಂದ ವಿದ್ಯಾರ್ಜನೆಗಾಗಿ ಸಮುದ್ರವನ್ನು ದಾಟಿದವರು ಪೂರ್ವದಲ್ಲಿ ವಿರಳರು. ಸವಣೂರಿನಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದುದು ಅಂಥ ವಿರಳವಾದ ಸಂಗತಿಯೇ. ಈಗಲಾದರೋ ಅನೇಕ ಮನೆತನಗಳ ಮಕ್ಕಳು ಪರದೇಶಗಳಲ್ಲಿರುವರು. ಅಲ್ಲಿ ತಮ್ಮ ಬಣ್ಣವನ್ನು ನೋಡಿ ಯಾರಾದರೂ ಮುಖ ತಿರುಗಿಸಿದರೆ ಅದನ್ನು ತಾಯಿತಂದೆಗಳಿಗೆ ತಿಳಿಸುವರು, ಮನೆಯವರೆಲ್ಲರೂ ನೊಂದುಕೊಳ್ಳುವರು. ಆ ನೋವು ನ್ಯಾಯವಾದುದೇ. ಆದರೆ ಅದರಿಂದ ಕಲಿಯತಕ್ಕ ಪಾಠವೇನೆಂಬುದು ವಿಚಾರಣೀಯವಾಗಿದೆ.

ಬಣ್ಣವನ್ನು ಕಾಣುವುದು ದೋಷವಲ್ಲ. ಅದು ಕಣ್ಣಿನ ಧರ್ಮ, ಪ್ರತ್ಯಕ್ಷಜ್ಞಾನ. ಬಣ್ಣವನ್ನು ಕಂಡು ಗುಣವನ್ನು ನಿರ್ಣಯಿಸುವುದು ಅನುಮಾನ. ಅನುಮಾನಕ್ಕೆ ವ್ಯಾಪ್ತಿಯು ಬೇಕೆಂದು ನೈಯಾಯಿಕರು ಹೇಳುವರು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುವುದರಿಂದ, ಹೊಗೆಯನ್ನು ಕಂಡವನು ಬೆಂಕಿಯನ್ನು ಊಹಿಸಬಹುದು. ಇಂಥ ಬಣ್ಣವಿದ್ದಲ್ಲೆಲ್ಲ ಇಂಥ ಗುಣವಿರುವುದೆಂಬ ನಿಯಮವಾದರೋ ಎಲ್ಲಿಯೂ ಇಲ್ಲ. ಆದುದರಿಂದ ವರ್ಣದ್ವೇಷವು ಮೊದಲು ಬುದ್ಧಿಯ ತಪ್ಪು, ಆ ಬಳಿಕ ಹೃದಯದ ತಪ್ಪು.

ಅಪಮಾನವನ್ನುಂಡವನಿಗೆ ಈ ತಪ್ಪು ತಾನಾಗಿಯೇ ತಿಳಿಯುವುದೆಂದು ನಂಬುವಂತಿಲ್ಲ. 1893ರಲ್ಲಿ ದಕ್ಷಿಣ ಆಫ್ರಿಕೆಯ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ, ಮೊದಲನೆಯ ವರ್ಗದ ಟಿಕೀಟು ಇದ್ದಾಗ್ಯೂ, ಗಾಂಧೀಜಿಯವರನ್ನು ರೇಲ್ವೆ ಗಾಡಿಯಿಂದ ಕೆಳಗಿಳಿಸಿದರು. ಹೀಗಿದ್ದರೂ ಮುಂದಿನ ಕೆಲವು ವರುಷಗಳ ಅವರ ಬರಹಗಳಲ್ಲಿ ಆಫ್ರಿಕೆಯ ಮೂಲನಿವಾಸಿಗಳನ್ನು ಕೀಳೆಂದು ಎಣಿಸಿದ ಮಾತುಗಳಿವೆ. ಅವರ ದೃಷ್ಟಿಯು ವಿಶಾಲವಾಗಲು ಕಾಲ ಹಿಡಿಯಿತು. ಅಂಥವರಿಗೇ ಹೀಗಾದರೆ ಸಾಮಾನ್ಯರ ಪಾಡೇನು?

ಈ ಪರೀಕ್ಷೆಗೆ ಸಮುದ್ರವನ್ನು ದಾಟಬೇಕಾಗಿಲ್ಲ. ಹಾನಗಲ್ಲ, ಶಿಗ್ಗಾಂವಿಗಳಿಗೆ ಹತ್ತಿಕೊಂಡಿರುವ ಮುಂಡಗೋಡ, ಅದರಾಚೆಯ ಯಲ್ಲಾಪುರದ ಅಡವಿಗಳಲ್ಲಿ ಸಿದ್ದಿ ಜನರಿರುವರು. ಪೋರ್ತುಗೀಜರ ಕಾಲದಲ್ಲಿ ಗುಲಾಮರಾಗಿ ತರಲ್ಪಟ್ಟ ಆಫ್ರಿಕದವರ ಸಂತತಿಯವರಾದ ಇವರು ಶತಮಾನಗಳಿಂದ ಇಲ್ಲಿಯೇ ಬಾಳಿ, ಕನ್ನಡ ಕೊಂಕಣಿಗಳನ್ನಾಡುವರು. 2003ರಲ್ಲಿ ಉತ್ತರಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿನ ಸದಸ್ಯರಾದರು. ಆದರೂ ಸಂತೆಯಲ್ಲಿ, ಬಸ್ಸಿನಲ್ಲಿ ಅವರನ್ನು ಕಂಡು “ನೀವು ಯಾವ ದೇಶದವರು?” ಎಂದು ಕೇಳುವವರು ಇನ್ನೂ ಇರುವರು. ಹುಟ್ಟಿದ ನೆಲದಲ್ಲಿಯೇ ಪರದೇಶಿಯೆನಿಸಿಕೊಳ್ಳುವುದು, ಪರದೇಶದಲ್ಲಿ ಪರದೇಶಿಯೆನಿಸಿಕೊಳ್ಳುವುದಕ್ಕಿಂತ ಕಠಿಣವಾದ ದುಃಖವಲ್ಲವೇ?

ದೂರದಲ್ಲಿರುವ ಮಗನ ಅಪಮಾನವನ್ನು ಕೇಳಿ ಕಣ್ಣೀರಿಡುವ ಮನೆಯು, ತನ್ನ ಅಂಗಳಕ್ಕೆ ಬಂದ ಸಿದ್ದಿಗೆ ಯಾವ ಪಾತ್ರೆಯಲ್ಲಿ ನೀರು ಕೊಡುವುದೆಂಬುದನ್ನು ಒಮ್ಮೆ ನೋಡಿಕೊಳ್ಳಬೇಕು. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಕುಲದ ಹೆಮ್ಮೆಯನ್ನು ಪ್ರಶ್ನಿಸಿ ನಾಲ್ಕುನೂರು ವರುಷಗಳ ಮೇಲಾದುವು. ಆ ಪ್ರಶ್ನೆಗೆ ಉತ್ತರವನ್ನು ಕೊಡತಕ್ಕವರು ಪರದೇಶದವರು ಮಾತ್ರವೇ ಅಲ್ಲ.