ಗುಮಾನಿ ಮತ್ತು ಸಾಕ್ಷಿ

ಸರಿಯಾದ ಊಹೆಯನ್ನು ಅರಿವು ಎನ್ನಬಹುದೇ? 1994ರಲ್ಲಿ ಫ್ವಾಂಗ್ ಮತ್ತು ಎರೆನ್‌ಫ್ರಾಯಿಂಡ್ ಎಂಬ ವಿಜ್ಞಾನಿಗಳು ನಕ್ಷತ್ರಗಳ ಬೆಳಕಿನಲ್ಲಿ ಎರಡು ಮಸುಕು ಪಟ್ಟೆಗಳನ್ನು ಕಂಡರು. ದಾರಿಯಲ್ಲಿ ಆ ಬೆಳಕನ್ನು ಹೀರಿದ್ದು 60 ಇಂಗಾಲದ ಪರಮಾಣುಗಳು ಕೂಡಿದ ಅಯಾನು ಎಂದು ಊಹಿಸಿದರು. ಆದರೆ ಬಾಸೆಲ್‌ನ ಜಾನ್ ಮಾಯರ್ ಅವರ ಪ್ರಯೋಗಾಲಯ ಅಷ್ಟರಲ್ಲಿ ಅಳೆದಿದ್ದುದು ಹೆಪ್ಪುಗಟ್ಟಿದ ನಿಯಾನ್‌ನಲ್ಲಿ ಹುದುಗಿದ್ದ ಅಯಾನನ್ನು. ಸುತ್ತಲಿನವರಿಗೆ ಅಂಜಿ ನುಡಿದ ಸಾಕ್ಷಿಯಂತೆ ಅದರ ಗುರುತು ಕೊಂಚ ಸರಿದಿತ್ತು.

ಊರಿನಲ್ಲಾದರೆ ಇಷ್ಟು ಗುಮಾನಿ ಸಾಕು, ಸಂಜೆಯೊಳಗೆ ತೀರ್ಪು. ಅವರು 21 ವರ್ಷ ಕಾದರು. 2015ರಲ್ಲಿ ಮಾಯರ್ ತಂಡ ಆ ಅಯಾನನ್ನು ಬಲೆಯಲ್ಲಿ ಹಿಡಿದು, ಪರಮಶೂನ್ಯಕ್ಕಿಂತ 6 ಡಿಗ್ರಿಯಷ್ಟೇ ಮೇಲಿನ ಚಳಿಯಲ್ಲಿ, ಒಂದು ಹೀಲಿಯಂ ಪರಮಾಣುವನ್ನು ಸಡಿಲವಾಗಿ ಅಂಟಿಸಿತು. ತಕ್ಕ ತರಂಗದ ಲೇಸರ್ ತಾಗಿದಾಗ ಹೀಲಿಯಂ ಕಳಚಿಕೊಂಡಿತು. ಪಟ್ಟೆಗಳು ತಾಳೆಯಾದವು. ಆಕಾಶದ ಇನ್ನೂ ನೂರಾರು ಪಟ್ಟೆಗಳು ಯಾರವೆಂದು ಯಾರೂ ಖಚಿತವಾಗಿ ಹೇಳಿಲ್ಲ.