ಕ್ರಯವಿಲ್ಲದ ವಸ್ತುವಿನ ಋಣ

ಕಳೆದ ಬೇಸಗೆಯಲ್ಲಿ ನನ್ನ ಅಕ್ಕನ ಮಗನು ಬೆಂಗಳೂರಿನಿಂದ ಬಂದು ನಮ್ಮಲ್ಲಿ ಎಂಟು ದಿನವಿದ್ದನು. ನಡುರಾತ್ರಿ ಕಳೆದರೂ ಅವನ ಕೊಠಡಿಯ ದೀಪವು ಆರದಿರುವುದನ್ನು ಕಂಡು, "ಇದೇನಪ್ಪ, ಆಫೀಸಿನವರು ಇಲ್ಲಿಗೂ ಬೆನ್ನಟ್ಟಿ ಬಂದರೇ?" ಎಂದೆನು. "ಇಲ್ಲ ಮಾವ, ಇದು ಸಂಬಳದ ಕೆಲಸವಲ್ಲ. ಯಾರು ಬೇಕಾದರೂ ಕ್ರಯವಿಲ್ಲದೆ ಬಳಸಬಹುದಾದ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರನ್ನು ನಾವು ನಾಲ್ಕು ಜನ ನೋಡಿಕೊಳ್ಳುತ್ತೇವೆ. ಅದರ ಬಿಲ್ಡ್ ಕೆಟ್ಟಿದೆ, ಲೈಸೆನ್ಸುಗಳ ಲೆಕ್ಕವೂ ಬಾಕಿಯಿದೆ" ಎಂದನು. "ಕೊಟ್ಟೆವೆಂದ ಮೇಲೆ ಲೆಕ್ಕವೇತಕ್ಕೆ?" ಎಂದು ಪಾಠಶಾಲೆಯ ಹಳೆಯ ಗರ್ವದಿಂದ ಕೇಳಿ ಮಲಗಲು ಹೋದೆನು. ನಿದ್ರೆ ಮಾತ್ರ ಬರಲಿಲ್ಲ.

ತನ್ನ ಸ್ವತ್ವವನ್ನು ತ್ಯಜಿಸಿ ಪರರ ಸ್ವತ್ವವನ್ನುಂಟುಮಾಡುವುದೇ ದಾನವೆಂದು ಶಾಸ್ತ್ರಕಾರರ ಮತ. ಕೆರೆಬಾವಿಗಳನ್ನು ಸರ್ವಭೂತಗಳಿಗೆಂದು ಬಿಡುವುದು ಉತ್ಸರ್ಗ. ಅಲ್ಲಿ ಕಟ್ಟಿಸಿದವನೂ ಎಲ್ಲರಂತೆ ಒಂದು ಕೊಡ ನೀರು ಸೇದಬಹುದು. ಈ ಸಾಫ್ಟ್‌ವೇರು ಎರಡೂ ಅಲ್ಲ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ನರು 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿ, 1989ರಲ್ಲಿ ಅದಕ್ಕೆ ಸಾರ್ವಜನಿಕ ಲೈಸೆನ್ಸೊಂದನ್ನು ಹೊರತಂದರು. ಅದರಂತೆ ಬರೆದವನು ತನ್ನ ಹಕ್ಕನ್ನು ಬಿಡುವುದಿಲ್ಲ. ಆ ಹಕ್ಕಿನ ಬಲದಿಂದಲೇ, ಪಡೆದವನು ಮತ್ತೊಬ್ಬನಿಗೆ ಕೊಡುವಾಗ ಮೂಲಲೇಖವನ್ನೂ ಕೊಡತಕ್ಕದ್ದೆಂದು ಕಟ್ಟುಮಾಡುತ್ತಾನೆ. ಕೆರೆಗೆ ಯಾರೂ ಬೇಲಿ ಹಾಕಬಾರದೆಂದೇ ಕೆರೆಯ ಒಡೆತನವನ್ನು ಉಳಿಸಿಕೊಂಡಂತಾಯಿತು. ಬೇರೆ ಕೆಲವು ಲೈಸೆನ್ಸುಗಳು ಇಷ್ಟನ್ನೂ ಬೇಡುವುದಿಲ್ಲ. ಬರೆದವರ ಹೆಸರನ್ನು ಅಳಿಸದಿದ್ದರೆ ಸಾಕು. ಇಷ್ಟು ಅಲ್ಪವಾದುದನ್ನೂ ನಡೆಸದವರುಂಟೆಂದು ಹುಡುಗನು ಹೇಳಿದಾಗ ನಾನು ನಂಬಲಿಲ್ಲ.

ಮೂಲವೆಂದರೆ ಯಾವುದು? ಮನುಷ್ಯನು ಓದಬಲ್ಲ ಲೇಖವನ್ನು ಯಂತ್ರವು ನಡೆಸಲಾರದು. ಅದನ್ನು ಯಂತ್ರಭಾಷೆಗೆ ಇಳಿಸಿ, ಪರೀಕ್ಷಿಸಿ, ಕಟ್ಟಿ ಕಳುಹಿಸಬೇಕು. ಈ ಸಾಲುಗೆಲಸಕ್ಕೆ ಬಿಲ್ಡ್ ಪೈಪ್‌ಲೈನ್ ಎಂದು ಹೆಸರು. ಜನರ ಕೈಸೇರುವುದು ಕಟ್ಟಿದ ಪದಾರ್ಥವೇ ಹೊರತು ಲೇಖವಲ್ಲ. ಲಿಪಿಕಾರನ ಪ್ರತಿಯನ್ನೇ ಕವಿಯ ಮಾತೆಂದು ನಾವು ಓದುವ ಹಾಗೆ. ಆದಕಾರಣ 1991ರ ಎರಡನೆಯ ಆವೃತ್ತಿಯು, ಕಟ್ಟುವ ಹಾಗೂ ಸ್ಥಾಪಿಸುವ ಕ್ರಮವನ್ನು ವಿಧಿಸುವ ಬರಹಗಳೂ ಮೂಲಕ್ಕೆ ಸೇರಿದವೆಂದು ಸ್ಪಷ್ಟಪಡಿಸಿತು. ಹಾಗಾದರೆ ಬಿಲ್ಡಿನ ಕಾವಲೂ ಲೈಸೆನ್ಸಿನ ಪಾಲನೆಯೂ ಎರಡು ಕೆಲಸಗಳಲ್ಲ: ಹೇಳಿದ್ದನ್ನೇ ಕೊಟ್ಟೆವೆಂಬ ಒಂದೇ ಸತ್ಯದ ಎರಡು ಮುಖಗಳು.

ಈ ಸತ್ಯವು ಕೆಟ್ಟರೆ ಆಗುವುದೇನೆಂಬುದು 2024ನೆಯ ಮಾರ್ಚ್ 29ರಂದು ಲೋಕಕ್ಕೆ ತಿಳಿಯಿತು. ಕಡತಗಳನ್ನು ಅಡಕಮಾಡುವ ಎಕ್ಸ್‌ಝೆಡ್ ಎಂಬ ಸಾಫ್ಟ್‌ವೇರನ್ನು ಬಹುಕಾಲ ಒಬ್ಬನೇ ಸಂಬಳವಿಲ್ಲದೆ, ದಣಿದು, ನಡೆಸುತ್ತಿದ್ದನು. 2021ರಿಂದ ಜಿಯಾ ಟಾನ್ ಎಂಬ ಹೆಸರಿನವನೊಬ್ಬನು ನೆರವಿಗೆ ಬಂದು, ವಿನಯದಿಂದ ದುಡಿದು, ಜೊತೆಯ ಪಾಲಕನಾದನು. ಅನಂತರ 5.6.0, 5.6.1 ಎಂಬ ಆವೃತ್ತಿಗಳಲ್ಲಿ ವಿಷ ಬೆರೆಯಿತು. ವಿಷವನ್ನು ಪರೀಕ್ಷೆಯ ಕಡತಗಳಲ್ಲಿ ಅಡಗಿಸಿ, ಅದನ್ನು ಹೊರತೆಗೆಯುವ ಆಜ್ಞೆಯನ್ನು ಎಲ್ಲರೂ ನೋಡುವ ಲೇಖದಲ್ಲಿಡದೆ, ಹಂಚುವ ಕಟ್ಟಿನಲ್ಲಿ ಮಾತ್ರ ಇಡಲಾಗಿತ್ತು! ದೂರದ ಯಂತ್ರವನ್ನು ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಸಂಶಯಪಟ್ಟು ಹುಡುಕಿದ ಆಂಡ್ರೆಸ್ ಫ್ರಾಯಿಂಡ್ ಎಂಬಾತನಿಂದ ಅದು ಬಯಲಾಯಿತು.

ಹಾಗೆಂದು ಪ್ರತಿಯೊಬ್ಬ ಸಹಾಯಕನನ್ನೂ ಶಂಕಿಸುವುದು ಸಜ್ಜನಿಕೆಯೇ ಎಂದು ಪೂರ್ವಪಕ್ಷವನ್ನೊಡ್ಡಬಹುದು. ವೇದಾಧ್ಯಯನದಲ್ಲಿ ಅದೇ ಪದಗಳನ್ನು ಕ್ರಮ, ಜಟೆ, ಘನವೆಂದು ಹಿಂದುಮುಂದಾಗಿ ಹೇಳಿಸುತ್ತಿದ್ದರು. ಅದನ್ನು ಶಿಷ್ಯನ ಮೇಲಿನ ಅಪನಂಬಿಕೆಯೆಂದು ಯಾವ ಶಿಷ್ಯನೂ ಮುನಿಯಲಿಲ್ಲ. ಒಂದೇ ಲೇಖದಿಂದ ಬೇರೆಬೇರೆಯವರು ಬೇರೆಬೇರೆ ಕಡೆ ಕಟ್ಟಿ, ಫಲವು ಅಕ್ಷರಶಃ ಒಂದೇ ಆಗಿದೆಯೇ ಎಂದು ನೋಡುವ ಪದ್ಧತಿಯನ್ನು ಡೆಬಿಯನ್ ಮಂಡಲಿಯವರು 2013ರಿಂದ ಬೆಳೆಸಿದ್ದಾರೆ. ಮೂಲದಲ್ಲಿಯೇ ದೋಷವಿದ್ದರೆ ಎಲ್ಲರೂ ಆ ದೋಷವನ್ನೇ ಒಪ್ಪಿಸುವರು, ನಿಜ. ದಣಿದ ಒಂಟಿ ಪಾಲಕನಿಗೂ ಇದರಿಂದ ವಿಶ್ರಾಂತಿ ದೊರೆಯದು. ಅವನು ಉಂಡನೇ ಮಲಗಿದನೇ ಎಂದು ನೀರು ಸೇದಿದವರು ಕೇಳಬೇಕಾಗಿತ್ತು. ಆ ಋಣವನ್ನು ಯಾವ ಲೈಸೆನ್ಸೂ ಬರೆದಿಡಲಿಲ್ಲ.

ಹೊರಡುವ ದಿನ ಹುಡುಗನು ಒಂದು ಪತ್ರವನ್ನು ತೋರಿಸಿದನು. ಇವರು ಕಟ್ಟಿದ್ದನ್ನು ಯಾವುದೋ ಒಂದು ಕಂಪನಿಯು ಹೆಸರುಗಳನ್ನು ಅಳಿಸಿ ತನ್ನ ಯಂತ್ರದೊಡನೆ ಮಾರುತ್ತಿದೆಯಂತೆ. ಆರು ತಿಂಗಳ ಹಿಂದೆ ಬರೆದುದಕ್ಕೆ ಉತ್ತರವಿಲ್ಲ. "ವ್ಯಾಜ್ಯ ಹೂಡುವೆಯಾ?" ಎಂದೆನು. "ಅಷ್ಟು ಹಣವೆಲ್ಲಿದೆ ಮಾವ? ಇನ್ನೊಂದು ಪತ್ರ ಬರೆಯುತ್ತೇನೆ. ಒಕ್ಕಣೆಯನ್ನು ನೀವೇ ತಿದ್ದಿಕೊಡಿ" ಎಂದನು. ಕನ್ನಡಕವನ್ನು ಹುಡುಕಿ ತಂದು ಕುಳಿತೆನು.