ದೊಡ್ಡ ಸಾಲಿ ಯಾರದು?

ದೇವಸುಗೂರಿನಲ್ಲಿ ನಿಂತರೆ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಚಿಮಣಿಗಳು ಕಾಣುತ್ತವೆ. 1985ರಲ್ಲಿ ಅದರ ಮೊದಲ ಘಟಕ ಶುರುವಾದಾಗ ನಾನು ಹೈಸ್ಕೂಲು ಹುಡುಗಿ. ಕೃಷ್ಣೆಯ ನೀರು ಇಲ್ಲಿಯದು, ಬೂದಿ ಇಲ್ಲಿಯೇ ಉಳಿಯುತ್ತದೆ. ಬೆಳಕು ಮಾತ್ರ ದೂರದೂರುಗಳಿಗೂ ಹೋಗುತ್ತದೆ. ಓದಿನ ಕಥೆಯೂ ಹೀಗೆಯೇ ಅಲ್ಲವೇ ಎಂದು ನನಗೆ ಅನ್ನಿಸಿದ್ದು ಒಬ್ಬ ತಾಯಿಯ ಮಾತಿನಿಂದ.

ಆಕೆ ಹತ್ತಿ ಬಿಡಿಸಲು ಕೂಲಿಗೆ ಹೋಗುವವಳು. ಮಗಳು ನನ್ನ ತರಗತಿಯಲ್ಲಿದ್ದಳು. ಮುಂದೆ ಓದಿಸು ಎಂದೆ. "ಅಕ್ಕೋರೇ, ಆ ದೊಡ್ಡ ಸಾಲಿಯಿಂದ ಓದದವರಿಗೆ ಏನ್ ಉಪಯೋಗ ಅದ ರೀ?" ಎಂದಳು.

"ನಿನ್ನ ಮಗಳು ನೌಕರಿ ಹಿಡಿದು ಈ ಧೂಳಿನಿಂದ ಪಾರಾಗ್ತಾಳೆ" ಎಂದೆ.

"ಆಕಿ ಪಾರಾದ್ಲು ಅನ್ರಿ. ನಾವು?"

ನನ್ನ ಬಾಯಿ ಕಟ್ಟಿತು. ಮೂವತ್ತು ವರ್ಷ ನಾನು ಮಕ್ಕಳಿಗೆ ಕಲಿಸಿದ್ದು ಊರು ಬಿಡುವುದನ್ನೇ ಏನು?

ನಿಜಾಮರ ಆಳ್ವಿಕೆಯಲ್ಲಿದ್ದಾಗ ನಮ್ಮವರಿಗೆ ವಿಶ್ವವಿದ್ಯಾಲಯವೆಂದರೆ ಹೈದರಾಬಾದಿನ ಉಸ್ಮಾನಿಯಾ. 1918ರಲ್ಲಿ ಹುಟ್ಟಿದ ಅಲ್ಲಿ ಪಾಠ ಉರ್ದುವಿನಲ್ಲಿ. ಆಮೇಲೆ ಧಾರವಾಡ, 1980ರಲ್ಲಿ ಗುಲಬರ್ಗಾ. ಈಗ ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ, ಮಹರ್ಷಿ ವಾಲ್ಮೀಕಿಯವರ ಹೆಸರಿನ ವಿಶ್ವವಿದ್ಯಾಲಯವೂ ಇದೆ. ಹತ್ತಿರ ಬಂದದ್ದೇನೋ ನಿಜ. ಹತ್ತಿರದವಾದವೇ?

ನಾನು ಬಿ.ಎ. ಓದುವಾಗ ಕಟ್ಟಿದ ಫೀಸು ಬಹಳ ಕಡಿಮೆ. ಉಳಿದದ್ದು ಸರ್ಕಾರದ್ದು ಎಂದುಕೊಂಡಿದ್ದೆ. ಸರ್ಕಾರದ ಹಣ ಎಲ್ಲಿಂದ ಬರುತ್ತದೆ? ಕಡ್ಡಿಪೆಟ್ಟಿಗೆ ಕೊಳ್ಳುವವಳೂ ತೆರಿಗೆ ಕೊಡುತ್ತಾಳಲ್ಲ! ಆ ಗೇಟಿನೊಳಗೆ ಎಂದೂ ಕಾಲಿಡದವರ ಪಾಲೂ ನನ್ನ ಪದವಿಯಲ್ಲಿದೆ. ನಾನು ಅದನ್ನು ನನ್ನ ಸ್ವಂತ ಗಳಿಕೆಯೆಂದು ಗೋಡೆಗೆ ತೂಗುಹಾಕಿದ್ದೆ.

ಆ ತಾಯಿಗೆ ಎರಡು ಎಕರೆ ಹೊಲವಿದೆ. ಮಣ್ಣು ಪರೀಕ್ಷೆ ಮಾಡಿಸು ಎಂದೆ. ಹೊಲದ ಹತ್ತಾರು ಕಡೆ ಗೇಣುದ್ದ ಗುಣಿ ತೋಡಿ, ಮಣ್ಣು ಕೆರೆದು, ಬೆರೆಸಿ, ನೆರಳಲ್ಲಿ ಆರಿಸಿ, ಅರ್ಧ ಕಿಲೋ ಚೀಲದಲ್ಲಿ ತುಂಬಿ ತಾಯಿ ಮಗಳು ಕೃಷಿ ವಿಶ್ವವಿದ್ಯಾಲಯಕ್ಕೆ ಹೋದರು. ಫಲಿತಾಂಶದ ಕಾಗದವನ್ನು ಮಗಳೇ ಓದಿ ಹೇಳಿದಳಂತೆ: ಸತುವು ಕಡಿಮೆ ಇದೆ, ಯೂರಿಯಾ ಸುಮ್ಮನೆ ಸುರಿಯಬೇಡ.

"ಅಷ್ಟು ಓದಿದವರು ನಮ್ಮ ಹೊಲದ ಮಣ್ಣು ಮುಟ್ಟಿ ನೋಡ್ಯಾರ್ರೀ" ಎಂದು ಆ ತಾಯಿ ನನ್ನ ಮುಂದೆ ಎರಡು ಸಲ ಹೇಳಿದಳು.

ಒಂದು ಕಾಗದದಿಂದ ಬಡತನ ಹೋಗುವುದಿಲ್ಲ, ಗೊತ್ತು. ವಿಶ್ವವಿದ್ಯಾಲಯದಲ್ಲಿ ಮಣ್ಣಿನ ವಿದ್ಯೆಯಷ್ಟೇ ಇರಬೇಕೆಂದೂ ನನ್ನ ಮಾತಲ್ಲ. ಚರಿತ್ರೆ, ಕಾವ್ಯ, ಗಣಿತ ಎಲ್ಲವೂ ಬೇಕು. ಆದರೆ ಒಳಗೆ ಬಂದವರನ್ನು ಮೇಲಕ್ಕೆತ್ತಿ ಕಳಿಸಿದರೆ ಅದರ ಕೆಲಸ ಅರ್ಧ ಮಾತ್ರ ಆಯಿತು. ಹೊರಗೆ ಉಳಿದವರ ಪ್ರಶ್ನೆಯನ್ನು ಕೇಳಿಸಿಕೊಳ್ಳುವುದು ಇನ್ನರ್ಧ.

ಆ ಹುಡುಗಿ ಈಗ ಪಿ.ಯು.ಸಿ. ಓದುತ್ತಿದ್ದಾಳೆ. ಮುಂದೆ ಊರಿಗೆ ಮರಳುತ್ತಾಳೋ ಇಲ್ಲವೋ, ಹೇಳಲಾರೆ. ಪಾರಾಗು ಎಂದು ಮಾತ್ರ ನಾನು ಇನ್ನು ಯಾರಿಗೂ ಹೇಳುವುದಿಲ್ಲ.